ಸತ್ಯಾಂಶ: ಒದ್ದೆ ಗೋಡೆಗೆ ಪೇಂಟ್ ಬಳಿದರೆ ಸಾಕೇ?

“ಗೋಡೆ ಒದ್ದೆಯಾದರೆ ಒಳಗಿನಿಂದ ವಾಟರ್‌ಪ್ರೂಫ್ ಪೇಂಟ್ ಬಳಿಯಿರಿ, ಮತ್ತೆ ತೊಂದರೆಯೇ ಇಲ್ಲ” ಎಂಬ ಮೆಸೇಜ್ ಮಳೆಗಾಲದಲ್ಲಿ ಜಾಸ್ತಿ ಓಡಾಡುತ್ತದೆ. ಇದು ನಿಜವಲ್ಲ.

ಪೇಂಟ್ ಕಲೆಯನ್ನು ಮುಚ್ಚುತ್ತದೆ, ನೀರು ಬರುವ ದಾರಿಯನ್ನಲ್ಲ. ಒಳಗೇ ಉಳಿದ ತೇವ ಕೆಲವೇ ತಿಂಗಳಲ್ಲಿ ಪೇಂಟನ್ನು ಗುಳ್ಳೆ ಎಬ್ಬಿಸಿ ಕಿತ್ತುಹಾಕಬಹುದು. ಅದಾದರೂ ಸಣ್ಣ ನಷ್ಟ. ತಾರಸಿಯ ಕಾಂಕ್ರೀಟಿಗೆ ನೀರು ಇಳಿಯುತ್ತಲೇ ಇದ್ದರೆ ಒಳಗಿನ ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ, ಅಲ್ವಾ? ಆ ಒತ್ತಡಕ್ಕೆ ಕಾಂಕ್ರೀಟ್ ಬಿರಿದು ಚೂರು ಉದುರುತ್ತದೆ. ಕೆಳಗೆ ಮಕ್ಕಳು ಮಲಗಿರಬಹುದು.

ಒದ್ದೆ ಜಾಗದಲ್ಲಿ 24ರಿಂದ 48 ಗಂಟೆಯೊಳಗೇ ಬೂಷ್ಟು ಶುರುವಾಗಬಹುದು. ಆಸ್ತಮಾ ಇರುವವರಿಗೆ ಅದು ನಿಜವಾದ ಕಷ್ಟ.

ಸ್ವಿಚ್ ಬೋರ್ಡ್ ಹತ್ತಿರ ಒದ್ದೆ ಕಂಡರೆ ಮುಟ್ಟಬೇಡಿ, ಮೇನ್ ಆಫ್ ಮಾಡಿಸಿ. ಆಮೇಲೆ ತಾರಸಿ ಬಿರುಕು, ಪೈಪು, ಬಚ್ಚಲಿನ ಟೈಲ್ಸ್ ಸಂದು ನೋಡಿ. ಸೋರಿಕೆ ನಿಲ್ಲಿಸಿ, ಗೋಡೆ ಪೂರ್ತಿ ಒಣಗಲಿ. ಪೇಂಟ್ ಕೊನೆಗೆ.