ಪರ-ವಿರೋಧ: ಬೆಟ್ಟದ ಬಸುರಿಯರು ದಿನ ತುಂಬುವ ಮೊದಲೇ ಆಸ್ಪತ್ರೆ ಇರುವ ಊರಿಗೆ ಬಂದಿರಬೇಕೇ?

ಪರ: ನೋವು ಬರುವವರೆಗೆ ಕಾಯಬೇಡಿ

ಹೆರಿಗೆ ನೋವು ಶುರುವಾದ ಮೇಲೆ ಬೆಟ್ಟ ಇಳಿಯುವುದು ಬೇಡ. ಇಷ್ಟೇ ನನ್ನ ಮಾತು. ಮಲೆ ಮಹದೇಶ್ವರ ಬೆಟ್ಟದ ಸುತ್ತಲಿನ ಇಂಡಿಗನತ್ತ, ತುಳಸಿಕೆರೆ ಕಡೆಯಿಂದ ರೋಗಿಗಳನ್ನು ಡೋಲಿ ಕಟ್ಟಿ ಹೊತ್ತು ತಂದ ಸುದ್ದಿ ನಾವು ಎಷ್ಟು ಸಲ ಓದಿಲ್ಲ? 108ಕ್ಕೆ ಫೋನ್ ಮಾಡಿದರೆ ಗಾಡಿ ಬರುತ್ತದೆ, ಆದರೆ ರಸ್ತೆ ಮುಗಿಯುವ ಕಡೆ ನಿಲ್ಲುತ್ತದೆ.

ನಾನು ಉಪಕೇಂದ್ರದಲ್ಲಿ ನರ್ಸ್ ಆಗಿದ್ದಾಗ ಒಂದು ರಾತ್ರಿ ಬಾಣಂತಿಯೊಬ್ಬಳನ್ನು ಕಂಬಳಿಯಲ್ಲಿ ಹೊತ್ತು ತಂದರು. ಮಗು ಮನೆಯಲ್ಲೇ ಹುಟ್ಟಿತ್ತು, ಮಾಸು ಬಿದ್ದಿರಲಿಲ್ಲ. ಕಂಬಳಿ ಎಷ್ಟು ನೆನೆದಿತ್ತೆಂದರೆ ಹೊತ್ತವರ ಅಂಗಿಯ ಹೆಗಲೂ ಕೆಂಪಾಗಿತ್ತು. ಇಂಜೆಕ್ಷನ್ ಕೊಟ್ಟೆ, ಡ್ರಿಪ್ ಹಾಕಿದೆ, ಆದರೆ ಅವಳಿಗೆ ಬೇಕಿದ್ದದ್ದು ರಕ್ತ, ಅದು ನನ್ನ ಹತ್ತಿರ ಇರಲಿಲ್ಲ. "ಅಕ್ಕಾ, ಮಗೂನ ಬೆಚ್ಚಗೆ ಸುತ್ತಿದ್ದೀರಾ?" ಅಂದಳು. ಅವಳ ಕೈ ಆಗಲೇ ತಣ್ಣಗಾಗಿತ್ತು. ದೊಡ್ಡಾಸ್ಪತ್ರೆ ತಲುಪಲಿಲ್ಲ. ಹೆರಿಗೆ ಆದ ಮೇಲೆ ರಕ್ತ ನಿಲ್ಲದಿದ್ದರೆ ಜೀವ ಹೋಗಲು ಎರಡು ಗಂಟೆ ಸಾಕು, ಅವರು ನಡೆದಿದ್ದು ಅದಕ್ಕಿಂತ ಜಾಸ್ತಿ.

ತಾಯಿ ಕಾರ್ಡಿನಲ್ಲಿ ಹೆರಿಗೆಯ ದಿನ ಬರೆದಿರುತ್ತದೆ. ತಿಂಗಳ 9ನೇ ತಾರೀಕು ತಪಾಸಣೆ ಇರುತ್ತದೆ. ಎಲ್ಲಾ ಗೊತ್ತಿದ್ದೂ ಬೆಟ್ಟದ ಮೇಲೆ ಸುಮ್ನೆ ಕೂರುವುದು ಯಾಕೆ? 2018-20ರ ಲೆಕ್ಕದಲ್ಲಿ ಲಕ್ಷ ಮಕ್ಕಳು ಹುಟ್ಟಿದರೆ ಕೇರಳದಲ್ಲಿ 19 ತಾಯಂದಿರು ಸತ್ತರು, ನಮ್ಮಲ್ಲಿ 69. ಮನೆ ಬಿಟ್ಟು ಬರಲು ಆಗಲ್ಲ ಅನ್ನುತ್ತಾರೆ. ಚೊಚ್ಚಲ ಹೆರಿಗೆಗೆ ತಿಂಗಳುಗಟ್ಟಲೆ ತವರಿಗೆ ಕಳಿಸುತ್ತೇವೆ ಅಲ್ವಾ? ಆಗ ಮನೆ ನಡೆಯುವುದಿಲ್ಲವೇ? ಆಸ್ಪತ್ರೆ ಪಕ್ಕದಲ್ಲೇ ಎರಡು ಕೋಣೆ, ಒಂದು ಅಡುಗೆಮನೆ ಮಾಡಿ, ಹತ್ತು ದಿನ ಮೊದಲೇ ಕರೆದುಕೊಂಡು ಬನ್ನಿ.

ವಿರೋಧ: ಮನೆ ಯಾರು ನೋಡಬೇಕು?

ವಿರೋಧದ ಪರವಾಗಿ ಬರೆಯಲು ನನಗೆ ಹೇಳಿದರು. ಆಸ್ಪತ್ರೆಯ ಹೆರಿಗೆ ಬೇಡ ಅಂತ ನಾನು ಹೇಳಲಾರೆ. ನನ್ನ ಇಬ್ಬರು ಮಕ್ಕಳೂ ಅಲ್ಲೇ ಹುಟ್ಟಿದವರು. ಆದರೆ ಮೊದಲೇ ಬಂದಿರಿ ಅನ್ನುವುದು ಸುಲಭ. ನನ್ನ ಅಕ್ಕ ಎರಡನೇ ಹೆರಿಗೆಗೆ ಹತ್ತು ದಿನ ಮುಂಚೆ ಕೊಳ್ಳೇಗಾಲದ ನೆಂಟರ ಮನೆಗೆ ಬಂದಳು. ಊರಲ್ಲಿ ದೊಡ್ಡ ಮಗನಿಗೆ ಜ್ವರ ಬಂತು, ಭಾವ ಕೂಲಿ ಬಿಟ್ಟು ಕೂತರು, ಇವಳು ಮೂರನೇ ದಿನಕ್ಕೇ ಬಸ್ ಹತ್ತಿ ವಾಪಸ್ ಹೋದಳು. ಸರ್ಕಾರದ ಜನನಿ ಸುರಕ್ಷಾ ಯೋಜನೆಯಲ್ಲಿ ಆಸ್ಪತ್ರೆಯಲ್ಲಿ ಹೆತ್ತರೆ ಹಳ್ಳಿಯ ಬಡ ತಾಯಿಗೆ ಸಿಗುವುದು 700 ರೂಪಾಯಿ, ಎರಡು ದಿನದ ಕೂಲಿಗೆ ಸರಿಹೋಯಿತು.

ಎಲ್ಲ ಬಸುರಿಯರನ್ನೂ ಗಂಟುಮೂಟೆ ಕಟ್ಟಿಸಿ ಪೇಟೆಗೆ ಸಾಗಿಸಿಬಿಟ್ಟರೆ ಬೆಟ್ಟಕ್ಕೆ ರಸ್ತೆ ಯಾಕೆ ಅಂತ ಕೇಳುವವರೂ ಹುಟ್ಟಿಕೊಳ್ಳುತ್ತಾರೆ. ಪಾವಗಡದ ಸೂಲಗಿತ್ತಿ ನರಸಮ್ಮ 15,000ಕ್ಕೂ ಹೆಚ್ಚು ಹೆರಿಗೆಗಳನ್ನು ಕಾಸು ಮುಟ್ಟದೆ ಮಾಡಿಸಿದರು, 2018ರಲ್ಲಿ ಪದ್ಮಶ್ರೀ ಬಂತು. ಅಂಥ ಕೈಗಳು ಇನ್ನೂ ಹಳ್ಳಿಗಳಲ್ಲಿವೆ. ಅವರ ಜೊತೆ ತರಬೇತಿ ಆದ ನರ್ಸೊಬ್ಬಳು ರಾತ್ರಿಯೂ ಅಲ್ಲೇ ಇರಲಿ, ಜೀಪು ಹತ್ತುವಷ್ಟು ದಾರಿ ಆಗಲಿ. ಅಕ್ಕ ಆವತ್ತು ಬಸ್ ಹತ್ತುವಾಗ ಅತ್ತಿದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.