ಚಟ್ಟನೂಗಾದಂಥ ಸಣ್ಣ ಊರಲ್ಲಿ ನೆಲೆಸಬಹುದಾ?

ಅಮೆರಿಕದ ದಕ್ಷಿಣ ಭಾಗದಲ್ಲಿ, ಟೆನೆಸಿ ರಾಜ್ಯದ ಕೆಳತುದಿಗೆ ಚಟ್ಟನೂಗಾ ಇದೆ. ಜನಸಂಖ್ಯೆ ಸುಮಾರು 1.8 ಲಕ್ಷ. ಅಕ್ಕ ಅಲ್ಲೇ ಮನೆ ಮಾಡಿಕೊಂಡಿದ್ದಾಳೆ. ತಮ್ಮ ಎರಡು ವರ್ಷ ಇದ್ದು ಅಟ್ಲಾಂಟಾಕ್ಕೆ ಹೊರಟ. ಇಬ್ಬರ ಮಾತೂ ಇಲ್ಲಿದೆ.

ಪರ: ಅಕ್ಕ

ಬಂದ ಮೊದಲ ವಾರ ಹೆದ್ದಾರಿ ಪಕ್ಕ 'ಬಾಯಿಲ್ಡ್ ಪೀನಟ್ಸ್' ಅನ್ನೋ ಬೋರ್ಡು ಕಂಡು ಕಾರು ನಿಲ್ಲಿಸಿದೆ. ವಯಸ್ಸಾದವರೊಬ್ಬರು ದೊಡ್ಡ ಪಾತ್ರೆಯ ಮುಚ್ಚಳ ತೆಗೆದು, ಉಪ್ಪುನೀರು ಸೋರುತ್ತಿದ್ದ ಬಿಸಿ ಕಡಲೆಕಾಯಿಯನ್ನು ಸೌಟಿನಲ್ಲಿ ಕವರಿಗೆ ತುಂಬಿದರು. ಸಿಪ್ಪೆ ಮೆತ್ತಗಾಗಿತ್ತು. ಒತ್ತಿದರೆ ಒಳಗಿನ ನೀರು ಬೆರಳ ಮೇಲೆ ಹರಿಯಿತು. ಕಾರಲ್ಲೇ ಕೂತು ಅಷ್ಟನ್ನೂ ತಿಂದೆ. ಬಸವನಗುಡಿ ಪರಿಷೆ ನೋಡಿ ಬೆಳೆದವಳಿಗೆ ಇಷ್ಟು ದೂರದಲ್ಲಿ ಅದೇ ರುಚಿ ಸಿಕ್ಕಿದರೆ ಹೇಗಾಗಬೇಡ ಹೇಳಿ! ಬೆಂಡೆಕಾಯಿಯೂ ಇಲ್ಲಿನವರಿಗೆ ಇಷ್ಟ. ಮೆಕ್ಕೆಜೋಳದ ಹಿಟ್ಟಲ್ಲಿ ಹೊರಳಿಸಿ ಕರಿದು ಕೊಡುತ್ತಾರೆ.

ಆದರೆ ನಾನು ಇಲ್ಲಿ ನಿಂತಿದ್ದು ತಿಂಡಿಗಲ್ಲ. 1969ರಲ್ಲಿ ಸಿಬಿಎಸ್ ಟಿವಿಯ ವಾರ್ತೆಯಲ್ಲಿ ವಾಲ್ಟರ್ ಕ್ರಾಂಕೈಟ್ ಇದನ್ನು ದೇಶದಲ್ಲೇ ಅತಿ ಕೊಳಕು ಊರು ಅಂದಿದ್ದರು. ಸುತ್ತ ಬೆಟ್ಟ, ನಡುವೆ ಎರಕದ ಕಾರ್ಖಾನೆಗಳು. ಹೊಗೆ ಹೋಗಲು ದಾರಿಯಿಲ್ಲದೆ ಊರ ಮೇಲೇ ಕೂರುತ್ತಿತ್ತು. ಹಗಲಲ್ಲೂ ಕಾರಿನ ದೀಪ ಹಾಕ್ಕೊಂಡು ಓಡಾಡಿದ್ದನ್ನು ಹಿರಿಯರು ಈಗಲೂ ಹೇಳುತ್ತಾರೆ. ಇಂಥ ಊರನ್ನು ಜನ ಬಿಟ್ಟುಕೊಡಲಿಲ್ಲ. 1984ರಲ್ಲಿ ಸುಮಾರು 1,700 ಮಂದಿ ಸಭೆಗಳಲ್ಲಿ ಕೂತು, ನಮ್ಮೂರು ಹೇಗಿರಬೇಕು ಅಂತ ಮಾತಾಡಿದರು. 1992ರಲ್ಲಿ ನದಿ ದಂಡೆಗೆ ಟೆನೆಸಿ ಅಕ್ವೇರಿಯಂ ಬಂತು. 1890ರ ಹೊತ್ತಿಗೆ ಕಟ್ಟಿದ ವಾಲ್ನಟ್ ಸ್ಟ್ರೀಟ್ ಸೇತುವೆ 1978ರಲ್ಲಿ ವಾಹನಗಳಿಗೆ ಬಂದ್ ಆಗಿ, ಕೆಡವುವ ಮಾತು ನಡೆದಿತ್ತು. ಜನ ಹಟ ಹಿಡಿದು ಉಳಿಸಿಕೊಂಡರು. 1993ರಲ್ಲಿ ಅದು ಬರೀ ನಡೆಯುವವರಿಗೆ ತೆರೆಯಿತು. 2,376 ಅಡಿ ಉದ್ದ. ಅಲ್ಲಿ ಮೊದಲ ಸಲ ನಡೆದ ಸಂಜೆ ಗುರುತು ಪರಿಚಯ ಇಲ್ಲದ ಆರೇಳು ಜನ ನನಗೆ ಹಲೋ ಅಂದರು. ಸುಮ್ನೆ, ಎದುರಿಗೆ ಬಂದೆ ಅಂತ.

ಇಂಟರ್ನೆಟ್ ಕಥೆಯೂ ಇಂಥದ್ದೇ. ಊರಿನದೇ ವಿದ್ಯುತ್ ಸಂಸ್ಥೆ ಇಪಿಬಿ ಫೈಬರ್ ಎಳೆದು, 2010ರಲ್ಲಿ ತನ್ನ ವ್ಯಾಪ್ತಿಯ ಅಷ್ಟೂ ಮನೆಗಳಿಗೆ ಸೆಕೆಂಡಿಗೆ ಒಂದು ಗಿಗಾಬಿಟ್ ವೇಗ ಕೊಡುವ ವ್ಯವಸ್ಥೆ ಮಾಡಿತು. ನಮ್ಮ ಬೆಸ್ಕಾಂ ಮನೆಮನೆಗೆ ಇಂಟರ್ನೆಟ್ ಕೊಟ್ಟ ಹಾಗೆ ಅಂದುಕೊಳ್ಳಿ. ಮನೆಯಿಂದಲೇ ಕೆಲಸ ಮಾಡುವ ನನ್ನಂಥವಳಿಗೆ ಇದು ದೊಡ್ಡ ಊರಿಗಿಂತ ಜಾಸ್ತಿ ಅನುಕೂಲ.

ಟೆನೆಸಿಯಲ್ಲಿ ಸಂಬಳಕ್ಕೆ ರಾಜ್ಯದ ತೆರಿಗೆಯೂ ಇಲ್ಲ. ಸಾಮಾನು ಕೊಳ್ಳುವಾಗ 9.25% ಕಟ್ಟಬೇಕು, ಅದು ನಿಜ.

ಇನ್ನು ರೂಬಿ ಫಾಲ್ಸ್. ಲುಕೌಟ್ ಬೆಟ್ಟದ ಹೊಟ್ಟೆಯೊಳಗೆ 145 ಅಡಿಯ ಜಲಪಾತ! 1928ರಲ್ಲಿ ಅದನ್ನು ಕಂಡ ಲಿಯೋ ಲ್ಯಾಂಬರ್ಟ್ ಹೆಂಡತಿ ರೂಬಿಯ ಹೆಸರಿಟ್ಟರು. ಅಪ್ಪ ಅಮ್ಮ ಬಂದಾಗ ಕರೆದುಕೊಂಡು ಹೋಗಿದ್ದೆ. ಲಿಫ್ಟಿನಲ್ಲಿ ಕೆಳಗಿಳಿದು, ಗುಹೆಯ ಕಿರಿದಾರಿಯಲ್ಲಿ ಅಮ್ಮ ಸೆರಗು ಬಿಗಿದುಕೊಂಡು ನಡೆದಳು. ಕೊನೆಗೆ ಕತ್ತಲಲ್ಲಿ ನೀರಿನ ಸದ್ದು, ಆಮೇಲೆ ದೀಪ. ಅಮ್ಮ ಕನ್ನಡಕ ಒರೆಸಿಕೊಂಡು ಮತ್ತೆ ಮತ್ತೆ ಮೇಲಕ್ಕೆ ನೋಡಿದಳು. ಮಧ್ಯಾಹ್ನ ಮನೆಗೆ ಬಂದು ಬಿಸಿ ಅನ್ನ ಉಂಡೆವು. ಅಷ್ಟು ಹತ್ತಿರ.

ವಿರೋಧ: ತಮ್ಮ

ಅಕ್ಕ ಬರೆದಿದ್ದರಲ್ಲಿ ಒಂದೂ ಸುಳ್ಳಿಲ್ಲ. ನಾಲ್ಕು ದಿನ ಇದ್ದು ಬನ್ನಿ ಅಂತ ನಾನೂ ಹೇಳುತ್ತೇನೆ. ಸಂಸಾರ ಹೂಡೋದು ಬೇರೆ ಮಾತು.

ನಾನು ಎಚ್-1ಬಿ ವೀಸಾದಲ್ಲಿದ್ದೆ, ಅಂದರೆ ಕೆಲಸ ಕೊಟ್ಟ ಕಂಪನಿಯ ಹೆಸರಲ್ಲಿ ಸಿಗುವ ತಾತ್ಕಾಲಿಕ ವೀಸಾ. ಕೆಲಸ ಹೋದರೆ ಹೆಚ್ಚೆಂದರೆ 60 ದಿನ. ಅಷ್ಟರೊಳಗೆ ಹೊಸ ಕಂಪನಿ ನಮ್ಮ ಪರವಾಗಿ ಅರ್ಜಿ ಹಾಕಬೇಕು, ಇಲ್ಲಾಂದ್ರೆ ಗಂಟುಮೂಟೆ ಕಟ್ಟಬೇಕು. ನನ್ನ ಬಗೆಯ ಕೆಲಸಕ್ಕೆ ಆ ಊರಲ್ಲಿ ಇದ್ದಿದ್ದು ಒಂದೇ ಕಂಪನಿ. ಅದೇ ನನ್ನನ್ನು ಒಂದು ಗುರುವಾರ ಮನೆಗೆ ಕಳಿಸಿತು. ಬೆಂಗಳೂರಾಗಿದ್ದರೆ ಎದುರಿನ ಕಟ್ಟಡಕ್ಕೆ ರೆಸ್ಯೂಮೆ ಕೊಡುತ್ತಿದ್ದೆ. ಇಲ್ಲಿ ಎದುರಿನ ಕಟ್ಟಡವೇ ಇಲ್ಲ. ಹೆಂಡತಿ ಫ್ರಿಜ್ ಮೇಲಿನ ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಗೀಟು ಹಾಕುತ್ತಿದ್ದಳು. ಮಗಳು ಅದು ಆಟ ಅಂದುಕೊಂಡು ತಾನೂ ಕ್ರೇಯಾನ್ ಹಿಡಿದು ಬಂದಳು. 47ನೇ ಗೀಟಿಗೆ ಅಟ್ಲಾಂಟಾದಲ್ಲಿ ಕೆಲಸ ಸಿಕ್ಕಿತು.

ಯಾವುದಕ್ಕೂ ಅಟ್ಲಾಂಟಾಕ್ಕೇ ಬರಬೇಕು. ಸುಮಾರು 190 ಕಿಲೋಮೀಟರ್, ಎರಡು ಗಂಟೆಯ ದಾರಿ. ಊರಿಗೆ ಹೋಗುವ ವಿಮಾನ ಅಲ್ಲಿಂದ. ನೃಪತುಂಗ ಕನ್ನಡ ಕೂಟದ ಹಬ್ಬ ಅಲ್ಲಿ. 1971ರ ನಂತರ ಚಟ್ಟನೂಗಾಕ್ಕೆ ಪ್ರಯಾಣಿಕರ ರೈಲೇ ಇಲ್ಲ. 1909ರ ಹಳೇ ನಿಲ್ದಾಣ ಹೋಟೆಲ್ ಆಯಿತು.

ಅಕ್ಕನ ಆ ನಡೆದಾಡುವ ಊರು ನದಿ ದಂಡೆಯ ಒಂದೆರಡು ಮೈಲಿ ಅಷ್ಟೇ. ನಾವು ಬಾಡಿಗೆಗಿದ್ದ ಬಡಾವಣೆಯಲ್ಲಿ ಫುಟ್‌ಪಾತೂ ಇರಲಿಲ್ಲ, ಬಸ್ಸೂ ಇರಲಿಲ್ಲ. ಅಮ್ಮ ನಮ್ಮ ಮನೆಯಲ್ಲಿದ್ದಾಗ, ನಾವಿಬ್ಬರೂ ಕೆಲಸಕ್ಕೆ ಹೋದ ಮೇಲೆ, ಕಿಟಕಿ ಪಕ್ಕ ಕುರ್ಚಿ ಹಾಕ್ಕೊಂಡು ಟಪಾಲು ವ್ಯಾನ್ ಬರೋದನ್ನೇ ಕಾಯುತ್ತಿದ್ದಳು. ಅದು ನನ್ನ ಕಣ್ಣಿಂದ ಹೋಗಿಲ್ಲ.

ಆ ಸೇತುವೆಯ ಬಗ್ಗೆಯೂ ಒಂದು ಮಾತು. 1906ರಲ್ಲಿ ಎಡ್ ಜಾನ್ಸನ್ ಅನ್ನುವ ಕಪ್ಪು ಯುವಕನಿಗೆ ಮರಣದಂಡನೆಯಾಗಿತ್ತು. ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಆದರೂ ಗುಂಪೊಂದು ಅವನನ್ನು ಜೈಲಿಂದ ಎಳೆದು ತಂದು ಅದೇ ಸೇತುವೆಗೆ ನೇಣು ಹಾಕಿತು. ಅದನ್ನು ತಡೆಯದ ಷರೀಫನನ್ನು, ಅಂದರೆ ಅಲ್ಲಿನ ಪೊಲೀಸ್ ಮುಖ್ಯಸ್ಥನನ್ನು, ಸುಪ್ರೀಂ ಕೋರ್ಟೇ ವಿಚಾರಣೆ ಮಾಡಿ ಜೈಲಿಗೆ ಕಳಿಸಿತು. ಜಾನ್ಸನ್ ಮೇಲಿನ ತೀರ್ಪು ರದ್ದಾಗಿದ್ದು 2000ದಲ್ಲಿ. ಸೇತುವೆ ಪಕ್ಕ ಸ್ಮಾರಕ ಬಂದಿದ್ದು 2021ರಲ್ಲಿ. ಊರು ಇದನ್ನು ಮುಚ್ಚಿಡಲಿಲ್ಲ, ಅದಕ್ಕೆ ನನಗೆ ಗೌರವವಿದೆ. ಆದರೆ 115 ವರ್ಷ ಹಿಡಿಯಿತಲ್ವಾ? ದಕ್ಷಿಣದ ಊರುಗಳ ಚೆಂದ ಹೇಳುವಾಗ ಇದನ್ನು ಬಿಟ್ಟು ಹೇಳಬಾರದು.

ಅಕ್ಕ ಭಾವನಿಗೆ ಗ್ರೀನ್ ಕಾರ್ಡ್, ಅಂದರೆ ಅಮೆರಿಕದಲ್ಲಿ ಕಾಯಂ ಇರುವ ಅನುಮತಿ, ಬಂದು ವರ್ಷಗಳಾದವು. ಅವರ ಕೆಲಸ ಹೋದರೂ ಮನೆ, ಊರು ಹಾಗೇ ಇರುತ್ತದೆ. ನನ್ನ ಹಾಗೆ ವೀಸಾದ ಮೇಲೆ ಬರುವವರಿಗೆ ನಾನು ಹೇಳೋದು ಇಷ್ಟೇ: ಕೆಲಸ ಒಪ್ಪಿಕೊಳ್ಳುವ ಮೊದಲು, ಅದೇ ಕೆಲಸ ಕೊಡುವ ಎರಡನೇ ಕಂಪನಿ ಆ ಊರಲ್ಲಿ ಇದೆಯಾ ಅಂತ ನೋಡಿ. ಇಲ್ಲದಿದ್ದರೆ ಮನೆ ಕೊಳ್ಳೋಕೆ ಹೋಗಬೇಡಿ.