ಎರಡು ಲೈನ್ ಸೇರಿದ್ದೇ ದೊಡ್ಡದು
ಐರ್ಲೆಂಡಿನ ರಾಜಧಾನಿ ಡಬ್ಲಿನ್‌ನ ಲುವಾಸ್ ಟ್ರಾಮ್ ವಿಸ್ತರಣೆಯ ಲೇಖನ ಓದಿ ಖುಷಿಯಾಯಿತು. ನನಗೆ ಜಾಸ್ತಿ ಹಿಡಿಸಿದ್ದು ಜೋಡಣೆಯ ವಿಷಯ. 2004ರಲ್ಲಿ ಶುರುವಾದ ರೆಡ್, ಗ್ರೀನ್ ಲೈನ್‌ಗಳು ಒಂದಕ್ಕೊಂದು ತಾಗುತ್ತಲೇ ಇರಲಿಲ್ಲ. 2017ರ ಡಿಸೆಂಬರ್‌ನಲ್ಲಿ ಗ್ರೀನ್ ಲೈನ್ ಊರ ನಡುವಿನ ಲಿಫಿ ನದಿ ದಾಟಿದ ಮೇಲೆ ಎರಡೂ ಕೂಡಿದವು.

ನಮ್ಮ ಕಾಸರಗೋಡಿಗೆ ಟ್ರಾಮ್ ಬೇಕು ಅಂತ ಹೇಳುತ್ತಿಲ್ಲ. ಆದರೆ ಇಲ್ಲೂ ರೈಲು ನಿಲ್ದಾಣ ಒಂದು ಕಡೆ, ಹೊಸ ಬಸ್ ಸ್ಟ್ಯಾಂಡ್ ಇನ್ನೊಂದು ಕಡೆ ಅಲ್ವಾ? ಕಳೆದ ಮಳೆಗಾಲ ಮಂಡಿ ಆಪರೇಷನ್ ಆದ ಅಮ್ಮನನ್ನು ಮಂಗಳೂರಿನಿಂದ ಕರಕೊಂಡು ಬಂದೆ. ರೈಲಿನಿಂದ ಹೇಗೋ ಇಳಿಸಿದ್ದಾಯಿತು. ಬದಿಯಡ್ಕದ ಬಸ್ಸಿನ ಮೊದಲ ಮೆಟ್ಟಿಲ ಹತ್ತಿರ ಎರಡೂ ಕೈಯಲ್ಲಿ ಕಂಬಿ ಹಿಡಿದು ನಿಂತೇ ಬಿಟ್ಟರು. ಲುವಾಸ್‌ನಲ್ಲಿ ನೆಲ ಪ್ಲಾಟ್‌ಫಾರ್ಮ್ ಮಟ್ಟಕ್ಕೇ ಇರುತ್ತದೆ, ಗಾಲಿಕುರ್ಚಿ ಸೀದಾ ಒಳಗೆ ಹೋಗುತ್ತದೆ. ಅಷ್ಟು ತಗ್ಗಿನ ಒಂದು ಬಸ್ಸಾದರೂ ಸ್ಟೇಷನ್‌ನಿಂದ ಸ್ಟ್ಯಾಂಡಿಗೆ ಓಡಿಸಿ ಸ್ವಾಮಿ.